ಮಂಡಿಯೂರಿ ಕೂತ ದೊಡ್ಡಮ್ಮ

ಕಣ್ಣು ಮುಚ್ಚಿ ಪ್ರಾರ್ಥನೆ ಮಾಡದೆ ನಮ್ಮ ಸಾರಮ್ಮ ದೊಡ್ಡಮ್ಮ ಒಂದು ಗುಟುಕು ಟೀ ಕುಡಿದವಳಲ್ಲ. ಜಾಲಹಳ್ಳಿ ಕ್ರಾಸಿನ ಪಾನಿಪುರಿಯವನು ಪುರಿ ಹಿಡಿದು ನಿಂತೇ ಇರುತ್ತಿದ್ದ. "ಮೆತ್ತಗಾಗೋಗುತ್ತೆ ಕಣಮ್ಮ" ಎಂದರೆ, "ಸುಮ್ನಿರಪ್ಪ, ನಿನ್ ವ್ಯಾಪಾರಕ್ಕೂ ಸೇರಿಸಿ ಬೇಡ್ಕೋತಿದೀನಿ" ಎನ್ನುತ್ತಿದ್ದಳು. ಪಕ್ಕದಲ್ಲಿ ನಿಂತ ನನಗೋ ಭೂಮಿ ಬಾಯಿಬಿಡಬಾರದೇ ಅನ್ನಿಸುತ್ತಿತ್ತು.

ಫ್ಯಾಕ್ಟರಿ ಕ್ವಾರ್ಟರ್ಸಿನ ಪಕ್ಕದ ಮನೆ ಲಕ್ಷ್ಮಕ್ಕನಿಗೂ ಅವಳಿಗೂ ಹಳೆಯ ಕೊಡುಕೊಳ್ಳುವಿಕೆ. ಕ್ರಿಸ್‌ಮಸ್‌ಗೆ ನಮ್ಮ ಕರ್ಜಿಕಾಯಿ ಆ ಮನೆಗೆ, ಗಣೇಶನ ಹಬ್ಬಕ್ಕೆ ಅವರ ಕಡುಬು ಈ ಮನೆಗೆ. ಒಂದು ಹಬ್ಬದ ದಿನ ಲಕ್ಷ್ಮಕ್ಕ ಕಡುಬು ತಂದಾಗ, ನಮ್ಮ ಚರ್ಚಿಗೆ ಹೊಸದಾಗಿ ಬಂದಿದ್ದ ಪಾದ್ರಿ ಅಯ್ಯನವರು ಹಜಾರದಲ್ಲೇ ಕೂತಿದ್ದರು. ಲಕ್ಷ್ಮಕ್ಕನ ಎದುರೇ ಅಂದುಬಿಟ್ಟರು:

"ಅದು ವಿಗ್ರಹಕ್ಕೆ ಇಟ್ಟಿದ್ದು. ತಿಂದ್ರೆ ನಿಮ್ಮನ್ನ ಕ್ರೈಸ್ತರು ಅಂತ ಹೇಗಮ್ಮ ಕರೀಲಿ? ಭಾನುವಾರ ಪ್ರಭುಭೋಜನದಲ್ಲಿ ನಿಮಗೆ ರೊಟ್ಟಿ, ದ್ರಾಕ್ಷಾರಸ ಕೊಡಕ್ಕಾಗಲ್ಲ."

ಲಕ್ಷ್ಮಕ್ಕನ ಮುಖ ಸಪ್ಪಗಾಯಿತು. ದೊಡ್ಡಮ್ಮ ಎಂದಿನಂತೆ ಕಣ್ಣು ಮುಚ್ಚಿ, ತೆರೆದು, ಕಡುಬು ಮುರಿದು ಬಾಯಿಗಿಟ್ಟುಕೊಂಡಳು. "ಇವಳು ಪ್ರೀತಿಯಿಂದ ತಂದಿದಾಳೆ, ನಾನು ಯೇಸಪ್ಪನ ಹೆಸ್ರಲ್ಲಿ ತಿಂತಿದೀನಿ. ನೀವೂ ಒಂದ್ ತಗೊಳ್ಳಿ ಅಯ್ಯನವರೇ, ಕೊಬ್ಬರಿ ಚೆನ್ನಾಗಿ ಹಾಕಿದಾಳೆ."

ಅವರು ತಗೊಳ್ಳಲಿಲ್ಲ, ಎದ್ದು ಹೋದರು. ಆಮೇಲೆ ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮದುವೆಯಾಗಿ ಬಂದಾಗಿನಿಂದ ಒಂದು ಪ್ರಭುಭೋಜನವನ್ನೂ ತಪ್ಪಿಸಿದವಳಲ್ಲ ಅವಳು.

ಭಾನುವಾರ ಎಲ್ಲರ ಜೊತೆ ಹೋಗಿ ಪೀಠದ ಮುಂದೆ ಮಂಡಿಯೂರಿ ಅಂಗೈ ಚಾಚಿದಳು. ಅಯ್ಯನವರು ಅವಳನ್ನು ದಾಟಿ ಪಕ್ಕದ ಗ್ರೇಸಮ್ಮನ ಮುಂದೆ ನಿಂತರು. ದೊಡ್ಡಮ್ಮ ಏಳಲಿಲ್ಲ. ದೊಡ್ಡಮ್ಮನನ್ನು ಕಂಡರೆ ಅಷ್ಟಕ್ಕಷ್ಟೇ ಆಗಿದ್ದ ಗ್ರೇಸಮ್ಮ ಕೈ ಹಿಂದಕ್ಕೆಳೆದುಕೊಂಡು, "ಮೊದ್ಲು ಸಾರಮ್ಮಂಗೆ ಕೊಡಿ" ಎಂದರು. ಅವರ ಪಕ್ಕದವರೂ ಕೈ ಮಡಿಚಿದರು. ನೋಡನೋಡುತ್ತ ಸಾಲಿಗೆ ಸಾಲೇ ಕೈ ಮಡಿಚಿ ಕೂತಿತು. ಅಯ್ಯನವರು ಹಿಂದಕ್ಕೆ ಬಂದು ದೊಡ್ಡಮ್ಮನ ಅಂಗೈಯಲ್ಲಿ ರೊಟ್ಟಿ ಇಟ್ಟರು. ನನಗೆ ಅಳು ತಡೆಯಲಾಗಲಿಲ್ಲ.

"ಹೆದರಿಕೆ ಆಗ್ಲಿಲ್ವಾ ದೊಡ್ಡಮ್ಮ?" ಎಂದು ದಾರಿಯಲ್ಲಿ ಕೇಳಿದೆ.

"ಮಂಡಿ ಜೀವ ಹೋಗೋಷ್ಟು ನೋಯ್ತಿತ್ತು ಕಣೇ. ಎದ್ದಿದ್ರೆ ಅವರು ಹೇಳಿದ್ದನ್ನ ನಾನೇ ಒಪ್ಕೊಂಡಂಗೆ ಆಗ್ತಿತ್ತಲ್ಲ."

ಹೋದ ವರ್ಷ ದೊಡ್ಡಮ್ಮ ತೀರಿಕೊಂಡಳು. ಮಣ್ಣು ಮಾಡುವಾಗ ಅದೇ ಅಯ್ಯನವರು "ಈ ಕ್ರೈಸ್ತ ತಾಯಿ..." ಎಂದೇ ಪ್ರಾರ್ಥನೆ ಶುರುಮಾಡಿದರು. ಅವರು ಹೇಳಿದ್ದರಿಂದ ಅವಳು ಕ್ರೈಸ್ತಳಾಗಲಿಲ್ಲ, ಅದು ನನಗೆ ಗೊತ್ತು. ಆದರೂ ಆ ಮಾತು ಅವರ ಬಾಯಿಂದ ಬರುವಂತೆ ಬದುಕಿದವಳು ನನ್ನ ದೊಡ್ಡಮ್ಮ.