ಹಳದಿ ವೈರು

ಸಿಡಿಲು ಬಡಿಯಬಹುದಿತ್ತು. ಇಲಿ ವೈರು ಕಡಿಯಬಹುದಿತ್ತು. ವೈರಸ್ ನುಗ್ಗಬಹುದಿತ್ತು, ಯುಪಿಎಸ್ ಕೈಕೊಡಬಹುದಿತ್ತು, ಹಂಚು ಒಡೆದು ನೀರು ಸರ್ವರಿನ ನೆತ್ತಿಗೇ ಸುರಿಯಬಹುದಿತ್ತು. ಈ ಕೊನೆಯದಕ್ಕೆಂದು ಅದಕ್ಕೊಂದು ಪ್ಲಾಸ್ಟಿಕ್ ಕೊಪ್ಪೆಯನ್ನೂ ಹೊದೆಸಿದ್ದೆ... ಇವತ್ತು ಮಧ್ಯಾಹ್ನ ಗುಡುಗಿದಾಗ ಎಂದಿನಂತೆ ಇಂಟರ್‌ನೆಟ್ಟಿನ ಹಳದಿ ವೈರು ಕಿತ್ತು ಕೈಯಲ್ಲಿ ಹಿಡಿದೆ. ಟೆಂಡರ್ ಮಾವ ನೆನಪಾದರು.

ಶಿರಸಿಯ ಅಡಿಕೆ ಮಾರಾಟದ ಸಂಘವೊಂದರ ಕಂಪ್ಯೂಟರ್ ಕೋಣೆಗೆ ನಾನಾಗ ಹೊಸಬ; ಕೆಲಸ ಖಾಯಂ ಆಗಿರಲಿಲ್ಲ. ವ್ಯಾಪಾರಿಗಳು ದರದ ಚೀಟಿಯನ್ನು ಡಬ್ಬಿಗೆ ಹಾಕುತ್ತಿದ್ದ ಕಾಲದಿಂದಲೂ ಟೆಂಡರ್ ಮುಚ್ಚುತ್ತಿದ್ದವರು ಸಂಘದ ಹಳೆಯ ಗುಮಾಸ್ತರಾದ ಅವರು; ಹಾಗಾಗಿ ಎಲ್ಲರಿಗೂ ಟೆಂಡರ್ ಮಾವ. ಮುಚ್ಚುವ ಮೊದಲು ಬಾಗಿಲಿಗೆ ಬಂದು, "ಇನ್ನೂ ಯಾರಾದ್ರೂ ಇದ್ದೀರಾ?" ಎಂದು ಕೂಗುತ್ತಿದ್ದರು. ಮೆಟ್ಟಿಲ ಮೇಲೆ ಕಾಲಿಟ್ಟವನು ಒಳಗೆ ಬಂದ ಹಾಗೇ ಲೆಕ್ಕ. ಸರ್ವರಿನ ಗಡಿಯಾರವೇ ಟೆಂಡರ್ ಮುಚ್ಚತೊಡಗಿದ ಮೇಲೂ ಆ ಕೂಗು ನಿಲ್ಲಲಿಲ್ಲ. ಅವರು ಮುಗಿಯಿತೆಂದರೆ ಯಾರದೂ ತಕರಾರಿರುತ್ತಿರಲಿಲ್ಲ.

ಒಂದು ದಿನ ಅವರು ಕೂಗುವ ಮೊದಲೇ ಪರದೆಯ ಮೇಲೆ "ಅವಧಿ ಮುಗಿದಿದೆ" ಎಂದು ಬಂತು.

"ಏನ್ರೀ ಇದು! ನನ್ನ ಮೊಬೈಲ್‌ನ್ಯಾಗ ಇನ್ನೂ ಹೊತ್ತೈತಿ!" ಹಾವೇರಿ ಕಡೆಯ ವ್ಯಾಪಾರಿಯೊಬ್ಬ ಎದ್ದು ನಿಂತ. ಎಲ್ಲರ ಜೇಬಿನಿಂದಲೂ ಮೊಬೈಲುಗಳು ಹೊರಬಂದವು. ಎಲ್ಲವೂ ಒಂದೇ ಹೊತ್ತು ಹೇಳಿದವು. ನನ್ನ ಸರ್ವರು ಮಾತ್ರ ಮುಂದಿತ್ತು. ಎಲ್ಲ ಮುಖಗಳೂ ನನ್ನತ್ತ ತಿರುಗಿದವು.

"ಅವಂಗೆ ಎಂತ ಕೇಳ್ತ್ರಿ?" ಮಾವ ಎದ್ದರು. "ಗಡಿಯಾರ ಮುಂದಿಡ್ಸಿದ್ದು ನಾನು. ನೀವೆಲ್ಲ ಕಡೇ ಗಳಿಗೇಲಿ ಓಡಿ ಬರ್ತ್ರಲ, ಅದಕ್ಕೆ."

"ನೀವಾ?" ಎಂದ ಆತ. ಮೊಬೈಲು ಜೇಬಿಗಿಳಿಸಿ ಕುಳಿತ.

ಅಂದು ಮತ್ತೆ ಚೀಟಿಯಲ್ಲೇ ಟೆಂಡರ್ ನಡೆಯಿತು. ಕೋಣೆಗೆ ಬಂದ ಮಾವನಿಗೆ ನೇತಾಡುತ್ತಿದ್ದ ವೈರು ತೋರಿಸಿದೆ. ಟೆಂಡರಿಗೆ ಇಂಟರ್‌ನೆಟ್ ಬೇಕಿರಲಿಲ್ಲ, ಆದರೆ ಸರ್ವರು ತನ್ನ ಹೊತ್ತನ್ನು ಸರಿಮಾಡಿಕೊಳ್ಳುವುದು ಅದರಿಂದ; ಅದಿಲ್ಲದೆ ದಿನದಿನಕ್ಕೆ ಮುಂದೋಡಿತ್ತು. ಆ ವರ್ಷದ ಮೊದಲ ಗುಡುಗಿಗೇ ವೈರು ಕಿತ್ತ ನಾನು ಅದನ್ನು ಮರಳಿ ಚುಚ್ಚಿರಲಿಲ್ಲ. ಅಷ್ಟೆಲ್ಲ ಹೆದರಿದ್ದರಲ್ಲಿ ಆದದ್ದು ಇಷ್ಟೇ.

ಮಾವ ನಕ್ಕರು. "ಅಡ್ಡಿಲ್ಲೆ ಬಿಡಾ ತಮಾ. ಸಿಡಿಲಂತೂ ಹೊಡದ್ದಿಲ್ಲೆ ಅಲ್ದ?"

ಮರುದಿನ ಅವರು ಬಾಗಿಲಿಗೆ ಬಂದು ಕೂಗಿದಾಗ ಒಳಗಿನಿಂದ ಯಾರೋ, "ಮಾವ, ಇವತ್ತು ಯಾರ ಗಡಿಯಾರದಾಗ ಮುಚ್ಚೋದ್ರೀ?" ಎಂದರು. ನಗು ಎದ್ದಿತು. ಪರದೆಯಲ್ಲಿ ಏನೋ ಘನವಾದದ್ದಿದೆ ಎಂಬಂತೆ ನಾನು ಅದನ್ನೇ ನೋಡುತ್ತ ಕುಳಿತೆ. ನಗು ದಿನವೂ ಮುಂದುವರಿಯಿತು, ನನ್ನ ನೋಟವೂ... ಯಾವ ದಿನದಿಂದಲೋ ಮಾವ ಕೂಗುವುದನ್ನೇ ಬಿಟ್ಟರು. ಆಮೇಲೆ ನಿವೃತ್ತರಾದರು, ಈಗಿಲ್ಲ. ನನ್ನ ಕೆಲಸ ಖಾಯಂ ಆಯಿತು.

ಗುಡುಗು ದೂರವಾಯಿತು. ವೈರು ಚುಚ್ಚಿದೆ, ಮೊಬೈಲಿನೊಂದಿಗೆ ಹೊತ್ತು ತಾಳೆ ನೋಡಿದೆ. ಟೆಂಡರ್ ಸರಿಯಾದ ಹೊತ್ತಿಗೆ, ಸದ್ದಿಲ್ಲದೆ ಮುಚ್ಚಿಕೊಂಡಿತು.

ಮೆಟ್ಟಿಲ ಮೇಲೆ ಯಾರದೋ ಚಪ್ಪಲಿ ಸಪ್ಪಳವಿತ್ತು.