ಪಕ್ಕದ ಸಾಲಿನ ಸಿನಿಮಾ

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಬರೆಯುವುದು ಸುಲಭ. ಬೇರೆಯವರ ಸೀರೆ, ಸರ, ಹೊಸ ಮನೆ, ಯಾವುದನ್ನು ಕಂಡರೂ ನನಗೆ ಏನೂ ಅನ್ನಿಸುವುದಿಲ್ಲ. ಆದರೆ ನನಗಿಂತ ಚೆನ್ನಾಗಿ ಇನ್ನೊಬ್ಬಳು ಸಿನಿಮಾ ಕಥೆ ಹೇಳುತ್ತಾಳೆ ಅಂದರೆ, ಅಯ್ಯೋ, ಅವತ್ತು ಬುತ್ತಿಯ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ.

ಹಿರೇಕೊಡಿಗೆಯ ಆಚೆಗಿರುವ ಒಂದು ಕಾಫಿ ತೋಟಕ್ಕೆ ನಾನು ಕೂಲಿಗೆ ಹೋಗುತ್ತೇನೆ. ಬೆಳಿಗ್ಗೆ ಕಮ್ಮರಡಿಯಲ್ಲಿ ಪಿಕಪ್ ಗಾಡಿ ನಮ್ಮನ್ನು ಹತ್ತಿಸಿಕೊಳ್ಳುತ್ತದೆ. ಹಣ್ಣು ಕೊಯ್ಯುವ ಕಾಲದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಾಲು ಗಿಡ. ಸಂಜೆಯವರೆಗೆ ಕೈಗೆ ಪುರುಸೊತ್ತಿಲ್ಲ, ಬಾಯಿಗೆ ಕೆಲಸವಿಲ್ಲ. ಹಾಗಾಗಿ ನಮ್ಮಲ್ಲೊಂದು ಪದ್ಧತಿ ಉಂಟು. ಸಿನಿಮಾ ನೋಡಿದವಳು ಮಧ್ಯದ ಸಾಲು ಹಿಡಿದು ಕಥೆ ಹೇಳಬೇಕು. ಕೇಳುವವರು ಅವಳ ಅಕ್ಕಪಕ್ಕದ ಸಾಲುಗಳನ್ನು ಹಿಡಿಯಬೇಕು. ಹೇಳುವವಳ ಕೈ ನಿಧಾನವಾಗುತ್ತದಲ್ಲ, ಅದಕ್ಕೆ ಕೇಳುವವರು ಆಗಾಗ ಒಂದು ಹಿಡಿ ಹಣ್ಣನ್ನು ಅವಳ ಸೊಂಟದ ಚೀಲಕ್ಕೆ ಹಾಕುತ್ತಾರೆ. ಒಂದು ಸಿನಿಮಾ ಮೂರು ದಿನ ಬರುತ್ತದೆ, ಹಾಡು ಸೇರಿಸಿದರೆ ನಾಲ್ಕು. ಈಗ ಎಲ್ಲರ ಹತ್ತಿರವೂ ಮೊಬೈಲಿದೆ. ಆದರೂ ಪದ್ಧತಿ ಬಿಟ್ಟುಹೋಗಿಲ್ಲ. ಎರಡೂ ಕೈ ಗಿಡದಲ್ಲಿರುವಾಗ ಮೊಬೈಲು ಹಿಡಿಯುವುದಾದರೂ ಹೇಗೆ?

ಮಧ್ಯದ ಸಾಲು ಎಷ್ಟೋ ವರ್ಷ ನನ್ನದೇ ಆಗಿತ್ತು. ಪಿಯುಸಿವರೆಗೆ ಓದಿದವಳು ನಾನು. ಪಂಚಾಯಿತಿ ಲೈಬ್ರರಿಯಿಂದ ಕಾದಂಬರಿ ತಂದು ಓದಿ, ಅದನ್ನೂ ಸಿನಿಮಾ ಅಂತಲೇ ಹೇಳಿ ದಾಟಿಸುತ್ತಿದ್ದೆ. ನನ್ನ ರುಚಿ ಒಂದೇ: ಅಳು ಬರಬೇಕು. ಎಳೆದು ಹಾಡುವ ವಿರಹದ ಹಾಡು, ಬಂದರೂ ತಡವಾಗಿ ಬರುವ ಕಾಗದ, ಆಸ್ಪತ್ರೆಯ ಮಂಚ, ಕಡೆಗೆ ಯಾರಾದರೂ ಒಬ್ಬರು ಸಾಯಬೇಕು. ಸಾವಿಲ್ಲದ ಕಥೆ ನನಗೆ ಉಪ್ಪಿಲ್ಲದ ಸಾರಿನ ಹಾಗೆ.

ನನ್ನ ಬಲಗಡೆಯ ಸಾಲು ಯಾವತ್ತೂ ನನ್ನ ಗೆಳತಿಯದು. ಇಪ್ಪತ್ತು ವರ್ಷದಿಂದ ಜೊತೆಗೇ ಗಾಡಿ ಹತ್ತಿದವರು ನಾವು. ಇಯರ್‌ಫೋನಿನ ಒಂದು ತುದಿ ಅವಳ ಕಿವಿಗೆ, ಇನ್ನೊಂದು ನನ್ನ ಕಿವಿಗೆ. ಕಥೆಯಲ್ಲಿ ಯಾರಾದರೂ ಸತ್ತರೆ ಅವಳು ಸೆರಗಿನಲ್ಲಿ ಮೂಗೊರೆಸಿಕೊಂಡು, "ಸಾಕು ಮಾರಾಯ್ತಿ, ಕಣ್ಣು ಮಂಜಾಗಿ ಹಸಿ ಕಾಯಿನೂ ಕೊಯ್ದೆ ನೋಡು" ಅನ್ನುತ್ತಿದ್ದಳು. ಅದಕ್ಕಿಂತ ದೊಡ್ಡ ಹೊಗಳಿಕೆ ನನಗೆ ಬೇಕಿರಲಿಲ್ಲ.

ಹೋದ ವರ್ಷ ಅವಳ ಗಂಡ ತೀರಿಕೊಂಡ. ಕಿಡ್ನಿಯ ಕಾಯಿಲೆ. ಕೊಪ್ಪ, ಶಿವಮೊಗ್ಗ ಎಂದು ಅಲೆದಲೆದು, ಕಡೆಗೆ ಆಸ್ಪತ್ರೆಯಲ್ಲೇ ಹೋದ. ಕೊಯ್ಲು ಶುರುವಾಗುವ ಹೊತ್ತಿಗೆ ಅವಳು ಮತ್ತೆ ಕೆಲಸಕ್ಕೆ ಬಂದಳು. ನಾನು ಮಧ್ಯದ ಸಾಲು ಹಿಡಿದು ಹಿಂದಿನ ಹಾಗೆಯೇ ಕಥೆ ಹೇಳಿದೆ. ಅವಳ ಮನಸ್ಸು ಬೇರೆ ಕಡೆ ತಿರುಗಲಿ ಎಂದೇ ಹೇಳಿದೆ, ದೇವರಾಣೆ.

ಅದೇ ಕೊಯ್ಲಿಗೆ ಹೊಸಬಳೊಬ್ಬಳು ಬಂದಳು. ಎನ್.ಆರ್. ಪುರದ ಕಡೆಯ ಹುಡುಗಿ, ಮೇಗುಂದಕ್ಕೆ ಮದುವೆಯಾಗಿ ಬಂದವಳು, ಇನ್ನೂ ಮೂವತ್ತು ತುಂಬಿರಲಿಲ್ಲ. ಮೊದಲ ದಿನವೇ ಡ್ರೈವರನ ಕೈಗೆ ತನ್ನ ಪೆನ್‌ಡ್ರೈವ್ ಕೊಟ್ಟಳು. ಗಾಡಿಯ ತುಂಬ ಢಬಢಬ ಎನ್ನುವ ಕುಣಿತದ ಹಾಡು. ಒಂದು ಪದ ಕಿವಿಗೆ ಬಿದ್ದರೆ ಕೇಳಿ! ಇದೂ ಒಂದು ಹಾಡಾ ಎಂದುಕೊಂಡು ನಾನು ಇಯರ್‌ಫೋನಿನ ಒಂದು ತುದಿಯನ್ನು ಗೆಳತಿಯ ಕಡೆ ಚಾಚಿದೆ.

"ತಡಿಯೇ, ಇದು ಮುಗೀಲಿ" ಅಂದಳು ಅವಳು. ನೋಡುತ್ತೇನೆ, ಅವಳ ಹವಾಯಿ ಚಪ್ಪಲಿ ತಾಳ ಹಾಕುತ್ತಿದೆ. ನನಗೆ ಮೈಯೆಲ್ಲ ಉರಿದುಹೋಯಿತು.

ಒಂದು ವಾರ ಕಳೆಯುವುದರೊಳಗೆ ಹುಡುಗಿ ಒಂದು ತಮಾಷೆಯ ಸಿನಿಮಾ ಹೇಳತೊಡಗಿದಳು. ಹೇಳುವುದರಲ್ಲಿ ಒಂದು ಕ್ರಮ ಬೇಡವಾ? ಅರ್ಧ ಕಥೆ ಹೇಳಿ ಹಿಂದಕ್ಕೆ ಹೋಗುತ್ತಾಳೆ, ಮರೆತದ್ದನ್ನು ಸೇರಿಸುತ್ತಾಳೆ, ಪೊಲೀಸಿನ ದನಿ, ಅತ್ತೆಯ ದನಿ, ಅತ್ತೆಯ ನಾಯಿಯ ದನಿ, ಎಲ್ಲ ತಾನೇ ಮಾಡುತ್ತಾಳೆ. ಎಲ್ಲರೂ ಬಿದ್ದುಬಿದ್ದು ನಕ್ಕರು. ನನ್ನ ಗೆಳತಿಯೂ ನಕ್ಕಳು. ಗಂಡ ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ನಾನು ಇಷ್ಟು ದಿನ ಒದ್ದಾಡಿದರೂ ಮುಖ ಅರಳಿಸದವಳು ಇವಳು ನಾಯಿ ಬೊಗಳಿದ್ದಕ್ಕೆ ನಕ್ಕಳಲ್ಲ ಎಂದು ಹೊಟ್ಟೆಯೊಳಗೆ ಬೆಂಕಿ ಬಿತ್ತು.

ಮಾರನೇ ದಿನ ಮಧ್ಯದ ಸಾಲು ಹುಡುಗಿಗೆ ಹೋಯಿತು, ಅವಳ ಪಕ್ಕದ ಸಾಲು ಗೆಳತಿಗೆ. ನನ್ನನ್ನು ಯಾರೂ ಹೋಗು ಅನ್ನಲಿಲ್ಲ. ನಾನೇ ಬಿಗುಮಾನದಿಂದ ನಾಲ್ಕು ಸಾಲು ಆಚೆ ಹೋದೆ. ಅಲ್ಲಿಂದ ಕಥೆ ಅರ್ಧಂಬರ್ಧ ಕೇಳಿಸುತ್ತಿತ್ತು. ಗಿಡಗಳ ಸಂದಿಯಲ್ಲಿ ಗೆಳತಿಯ ಕೈ ಮಾತ್ರ ಸರಿಯಾಗಿ ಕಾಣುತ್ತಿತ್ತು. ಹಿಡಿ ಹಿಡಿ ಹಣ್ಣು, ಒಳ್ಳೆಯ ಕೆಂಪು ಹಣ್ಣು, ಆ ಹುಡುಗಿಯ ಚೀಲಕ್ಕೆ ಬೀಳುತ್ತಿತ್ತು.

ಹೀಗೆ ನಾಲ್ಕೈದು ಸಿನಿಮಾ ಆದವು. ಆಮೇಲೆ ಒಂದು ದಿನ ಹುಡುಗಿ ಬೇರೆ ತರಹದ ಕಥೆಗೆ ಕೈ ಹಾಕಿದಳು. ಲಾರಿ ಓಡಿಸುವ ಗಂಡ, ಬಟ್ಟೆ ಹೊಲಿಯುವ ಹೆಂಡತಿ, ಗಂಡನಿಗೆ ಕಾಯಿಲೆ. ಅದು ನನ್ನ ರುಚಿಯ ಕಥೆ! ನನ್ನ ಅಂಗಳಕ್ಕೇ ಬಂದುಬಿಟ್ಟಳಲ್ಲ ಇವಳು ಎಂದು ಅನ್ನಿಸಿತು. ಸಿನಿಮಾದ ಹೆಸರು ನೆನಪಿಟ್ಟುಕೊಂಡು, ಮನೆಗೆ ಹೋದವಳೇ ಅಕ್ಕಿ ತೊಳೆಯುವುದನ್ನೂ ಬಿಟ್ಟು ಮೊಬೈಲಿನಲ್ಲಿ ಹುಡುಕಿ ಪೂರ್ತಿ ನೋಡಿದೆ. ಕಡೆಗೆ ಗಂಡ ಸಾಯುತ್ತಾನೆ. ನನಗೂ ಅಳು ಬಂತು. ಅಳುತ್ತಲೇ, ಈ ಸಾವನ್ನು ನಾನು ಹೇಳಿದ್ದರೆ ಎಷ್ಟು ಚೆಂದ ಹೇಳುತ್ತಿದ್ದೆ ಎಂದು ಸಂಕಟಪಟ್ಟೆ.

ಮೂರನೇ ದಿನ ಮಧ್ಯಾಹ್ನ ಎಲ್ಲರೂ ಮರದ ಬುಡದಲ್ಲಿ ಬುತ್ತಿ ಬಿಚ್ಚಿ ಕೂತಿದ್ದೆವು. ಕಥೆಯಲ್ಲಿ ಗಂಡ ಆಸ್ಪತ್ರೆ ಸೇರಿಯಾಗಿತ್ತು.

"ಅವ ಉಳೀತಾನಲ್ಲನೇ?" ಗೆಳತಿ ಹುಡುಗಿಯನ್ನು ಕೇಳಿದಳು. ಮುಖದಲ್ಲಿ ಸಣ್ಣ ನಗುವೂ ಇತ್ತು.

"ನಾಳೆ ಹೇಳ್ತೀನಿ ಅಕ್ಕ. ಈಗ ಊಟ ಮಾಡಿ" ಅಂದಳು ಹುಡುಗಿ.

ನನ್ನ ಬಾಯಿ ಸುಮ್ಮನಿರಲಿಲ್ಲ. "ಎಂಥ ಉಳಿಯೋದು? ಸಾಯ್ತಾನೆ. ಆಸ್ಪತ್ರೇಲೇ ಸಾಯ್ತಾನೆ" ಅಂದೆ.

ಹುಡುಗಿ ನನ್ನನ್ನೇ ನೋಡಿದಳು. "ಇಲ್ಲ ಅಕ್ಕ, ಸಾಯೋದಿಲ್ಲ. ಮನೆಗೆ ಬರ್ತಾನೆ" ಅಂದಳು. ಕಣ್ಣಿನಲ್ಲೇ ಏನೋ ಸನ್ನೆ ಮಾಡಿದಳು. ಸಿಕ್ಕಿಬಿದ್ದಳು, ಅದಕ್ಕೇ ಕಣ್ಣು ಮಾಡುತ್ತಿದ್ದಾಳೆ ಎಂದುಕೊಂಡೆ ನಾನು.

"ಸುಳ್ಳು ಹೇಳ್ಬೇಡ ಕಣೇ! ಪೂರ್ತಿ ನೋಡಿದವಳು ನಾನು. ಇಲ್ಲೇ ಉಂಟು, ಡೌನ್‌ಲೋಡ್ ಮಾಡಿಟ್ಟಿದೀನಿ, ತೋರಿಸ್ಲಾ?"

ತೋರಿಸು ಎಂದು ಯಾರೂ ಹೇಳಲಿಲ್ಲ. ನಾನೇ ಮೊಬೈಲು ತೆಗೆದು, ಬೆರಳಲ್ಲಿ ಕೊನೆಗೆ ಸರಿಸಿ, ಗೆಳತಿಯ ಮುಖದ ಎದುರಿಗೆ ಹಿಡಿದೆ. ನರ್ಸು ಬಿಳಿ ಬಟ್ಟೆಯನ್ನು ಅವನ ಮುಖದ ಮೇಲೆ ಎಳೆಯುವ ಜಾಗ. "ನೋಡು, ಯಾರದ್ದು ಸರಿ ಅಂತ ನೋಡು" ಅಂದೆ. ಗೆದ್ದೆ ಎಂಬ ಖುಷಿ ನನಗೆ.

ಗೆಳತಿ ನೋಡಿದಳು. ಅರ್ಧ ಉಂಡ ಬುತ್ತಿಯ ಮುಚ್ಚಳ ಹಾಕಿ, ಎದ್ದು, ಒಬ್ಬಳೇ ತನ್ನ ಸಾಲಿಗೆ ಹೋದಳು.

ಸಂಜೆ ಗಾಡಿಗೆ ಕಾಯುತ್ತ ಅವಳು ರಸ್ತೆ ಬದಿಯ ಕಲ್ಲಿನ ಮೇಲೆ ಕೂತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ.

"ಸಿಟ್ಟು ಬಂತಾ? ಕಥೆ ಮುಂಚೇನೇ ಹೇಳಿದ್ದು ತಪ್ಪಾಯ್ತು ಮಾರಾಯ್ತಿ."

"ಆ ಸಿನಿಮಾ ನಾನು ಮುಂಚೇನೇ ನೋಡಿದ್ದೆ. ಮಗಳ ಮೊಬೈಲಲ್ಲಿ."

ನನಗೆ ಅರ್ಥವಾಗಲಿಲ್ಲ. "ನೋಡಿದ್ರೆ ಮತ್ತೆ ಎಂತಕ್ಕೆ ಕೇಳ್ತಾ ಇದ್ದೆ?"

"ಆ ಹುಡುಗಿಗೆ ಹೇಳಿದ್ದೆ, ಈ ಕಥೆ ಹೇಳೇ, ಆದರೆ ಕಡೆಗೆ ಅವನ್ನ ಉಳಿಸಿ ಹೇಳು ಅಂತ. ಆಗ್ಲಿ ಅಕ್ಕ ಅಂದಿದ್ಲು." ಕಾಲಿನ ಬಳಿಯ ಹುಲ್ಲನ್ನು ಕಿತ್ತು ಕಿತ್ತು ಹಾಕಿದಳು. "ನಾಳೆ ಮನೆಗೆ ಬರೋನಿದ್ದ ಅವ."

"ನನಗೇ ಹೇಳ್ಬೋದಿತ್ತಲ್ಲ. ನಾನೂ ಉಳಿಸಿ ಹೇಳ್ತಿದ್ದೆ" ಅಂದೆ.

ಅವಳು ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ. "ನೀನಾ? ಇಷ್ಟು ವರ್ಷದಲ್ಲಿ ನೀನು ಒಬ್ಬರನ್ನಾದ್ರೂ ಉಳಿಸಿದ್ದು ಉಂಟನೇ?"

ನಾಚಿಕೆಯಾಯಿತು ಎಂದು ಇಲ್ಲಿ ಬರೆಯಬೇಕು. ನಾಚಿಕೆ ಬಂತು, ಆದರೆ ಆಮೇಲೆ, ಗಾಡಿ ಹತ್ತಿ ಕೂತ ಮೇಲೆ. ಆ ಕಲ್ಲಿನ ಮೇಲೆ ಕೂತಿದ್ದಾಗ ಬಂದದ್ದು ಮತ್ತೆ ಅದೇ ಉರಿ. ಗಂಡನನ್ನು ಉಳಿಸಿಕೊಡು ಎಂದು ಅವಳು ಕೇಳಿದ್ದು ನನ್ನನ್ನಲ್ಲ.