ಈಶ್ವರನ ಮೂರು ಚೋಕು

ಈಶ್ವರನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮುಚ್ಚಿಡುವುದೇನಿದೆ? ಮೂವತ್ತು ವರ್ಷದ ಕಿಚ್ಚು ಇದು. ಹನುಮಂತನಗರದ ಶೀನಣ್ಣನ ಅಂಗಡಿಯಲ್ಲಿ ಇಬ್ಬರೂ ಒಟ್ಟಿಗೆ ಮೋಟಾರಿಗೆ ತಂತಿ ಸುತ್ತುವುದನ್ನು ಕಲಿತೆವು. ಕೈಚಳಕ ನನ್ನದು. ಅವನು ಸುತ್ತಿದ್ದನ್ನು ಶೀನಣ್ಣ ಬಿಚ್ಚಿ, "ನೀನೇ ಸುತ್ತೋ ಮನೋಹರ" ಅಂತ ನನ್ನ ಮುಂದೆ ಎಸೆದದ್ದು ಎಷ್ಟು ಸಲವೋ. ಆದರೆ ಸಂಜೆ ಕಾಲೇಜು ಸೇರಿ ಡಿಪ್ಲೊಮಾ ಮಾಡಿಕೊಂಡವನು ಅವನು. ನಾನು ತಂತಿಯಲ್ಲೇ ಉಳಿದೆ.

ಆಳು ನೋಡಿದರೆ ಸಣಕಲ. ಯಾವುದೋ ಮದುವೆಯಲ್ಲಿ ಕೊಟ್ಟ ತಾಂಬೂಲದ ಚೀಲದಲ್ಲಿ ಕರೆಂಟ್ ಅಳೆಯುವ ಮೀಟರ್ ಇಟ್ಟುಕೊಂಡು ಎನ್.ಆರ್. ಕಾಲೋನಿಯಿಂದ ಸೈಕಲ್ ತುಳಿದು ಬರುತ್ತಾನೆ. ಯಾರ ಮೇಲೂ ದನಿ ಎತ್ತುವುದಿಲ್ಲ. ಅದೇ ನನಗೆ ಮೈ ಉರಿಸುತ್ತದೆ. ಒಂದು ಸಲವಾದರೂ ಬಯ್ಯಬಾರದೇ?

ಚಾಮರಾಜಪೇಟೆಯ ಗುರುಬಸಮ್ಮನವರ ಪ್ರೆಸ್ ಮಾತ್ರ ನನ್ನದು. ಅಂದರೆ ಅಲ್ಲಿನ ಮೋಟಾರುಗಳೆಲ್ಲ ನನ್ನ ಕೈಯಲ್ಲಿದ್ದವು. ಆಯುಧಪೂಜೆಗೆ ಮೆಷಿನ್ನುಗಳಿಗೆ ನಿವಾಳಿಸಿ ಬೂದುಗುಂಬಳಕಾಯಿ ಒಡೆಯುವವನೂ ನಾನೇ. ವರ್ಷವಿಡೀ ಮೆಷಿನ್ ಓಡುವಂತೆ ನೋಡಿಕೊಂಡವನ ಕೈಗೇ ಕಾಯಿ ಕೊಡುವುದು ಆ ಪ್ರೆಸ್ಸಿನ ಪದ್ಧತಿ. ಹದಿನೆಂಟು ವರ್ಷ ಅದನ್ನು ಬೇರೆ ಯಾರೂ ಮುಟ್ಟಿರಲಿಲ್ಲ.

ಹೋದ ವರ್ಷ ಗುರುಬಸಮ್ಮನವರು, ಅಂದರೆ ನಮ್ಮೆಲ್ಲರ ಅಮ್ಮ, ಮೂರು ಮೆಷಿನ್ನಿಗೂ ಡ್ರೈವ್ ಹಾಕಿಸಿದರು. ಮೋಟಾರಿನ ವೇಗವನ್ನು ಬೇಕಾದಷ್ಟು ಏರಿಸಿ ಇಳಿಸುವ ಪೆಟ್ಟಿಗೆ ಅದು. ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ. ಕರೆಂಟ್ ಬಿಲ್ ತಗ್ಗಲೆಂದು ನಾನು ಲೈನಿಗೆ ಹಾಕಿದ್ದ ಕೆಪಾಸಿಟರ್ ಉಬ್ಬಿ ಢಮ್ಮೆಂದು ಒಡೆಯಿತು. ಇನ್ನೂ ದೊಡ್ಡದು ಹಾಕಿದೆ, ಅದೂ ಒಡೆಯಿತು. ಮತ್ತೂ ದೊಡ್ಡದು ಹಾಕಿದೆ. ನಾನು ಕಲಿತದ್ದು ಅದೊಂದೇ ಮದ್ದು. ಕೇಬಲ್ ಬಿಸಿಯಾಗಿ ಸುಟ್ಟ ವಾಸನೆ ಬರತೊಡಗಿತು. ಆಯುಧಪೂಜೆಗೆ ಹತ್ತು ದಿನ ಇರುವಾಗ ಅಮ್ಮ ನನಗೊಂದು ಮಾತೂ ಹೇಳದೆ ಈಶ್ವರನನ್ನು ಕರೆಸಿದರು.

ಅವನು ಮೀಟರ್ ಹಿಡಿದು ನೋಡಿ, ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದ:

"ಡ್ರೈವು ಕರೆಂಟನ್ನ ಒಂದೇ ಸಮ ಎಳೆಯಲ್ಲ ಕಣೋ, ಗುಟುಕು ಗುಟುಕಾಗಿ ಎಳೆಯುತ್ತೆ. ಅದಕ್ಕೇ ಲೈನಲ್ಲಿ ಬೇಡದ ಅಲೆಗಳು ಎದ್ದಿವೆ. ಹಾರ್ಮೋನಿಕ್ಸ್ ಅಂತಾರೆ. ನಿನ್ನ ಕೆಪಾಸಿಟರ್ ಅವಕ್ಕೆ ಕುಮ್ಮಕ್ಕು ಕೊಡ್ತಿದೆ. ತೆಗೆದುಬಿಡೋಣ. ಒಂದೊಂದು ಡ್ರೈವ್ ಮುಂದೆ ಒಂದೊಂದು ಚೋಕ್ ಕೂರಿಸಿದ್ರೆ ಅಲೆ ಅಡಗುತ್ತೆ. ಅಂಗಡಿಯಿಂದ ತರಿಸೋಕೆ ಮೂರು ವಾರ ಆಗುತ್ತಂತೆ. ನೀನೇ ಸುತ್ತಿಕೊಡೋ. ನಿನ್ನಷ್ಟು ಚೆನ್ನಾಗಿ ಯಾರು ಸುತ್ತುತಾರೆ?"

ಹೊಗಳಿದನೋ, ಕೂಲಿಯವನನ್ನಾಗಿ ಮಾಡಿದನೋ? ನನಗೆ ಎರಡನೆಯದೇ ಅನ್ನಿಸಿತು.

ಚೋಕ್ ಅಂದರೆ ಕಬ್ಬಿಣದ ಮೇಲೆ ಸುತ್ತಿದ ತಾಮ್ರವೇ. ಆದರೆ ಕಬ್ಬಿಣದಲ್ಲಿ ಸಣ್ಣ ಸಂದು ಬಿಟ್ಟು, ಅಲ್ಲಿ ಗಟ್ಟಿ ಹಾಳೆಯ ಚೂರು ಇಡಬೇಕು. ಇಲ್ಲದಿದ್ದರೆ ಲೋಡ್ ಬಿದ್ದಾಗ ಅದು ಹೆಸರಿಗಷ್ಟೇ ಚೋಕ್. ಎರಡು ಮಿಲಿಮೀಟರ್ ಅಂತ ಈಶ್ವರ ಬರೆದೇ ಕೊಟ್ಟಿದ್ದ. ಎರಡು ಚೋಕುಗಳನ್ನು ಸರಿಯಾಗಿಯೇ ಮಾಡಿದೆ. ಮೂರನೆಯದರಲ್ಲಿ ಸಂದು ಬಿಡಲಿಲ್ಲ. ಮರೆತೆ ಅಂತ ಹೇಳಬಹುದು. ಮರೆತಿರಲಿಲ್ಲ. ಅಮ್ಮನ ಮುಂದೆ ಅವನ ಮರ್ಯಾದೆ ಹೋಗಲಿ, ಕಾಯಿ ನನ್ನ ಕೈಯಲ್ಲೇ ಉಳಿಯಲಿ ಅಂತಲೇ ಮಾಡಿದೆ.

ಪೂಜೆಯ ಹಿಂದಿನ ದಿನ ಬೆಳಿಗ್ಗೆ ಅವನು ಮೂರನ್ನೂ ಕೂರಿಸಿ ಮೆಷಿನ್ ಓಡಿಸಿದ. ಎರಡು ತೆಪ್ಪಗಿದ್ದವು. ಮೂರನೆಯದು ಗುರ್ರ್ ಎಂದಿತು. ಈಶ್ವರ ಮೀಟರ್ ನೋಡಿದ. ಆಮೇಲೆ ನನ್ನನ್ನು ನೋಡಿದ.

"ಏನಾಯ್ತಪ್ಪಾ?" ಅಂದರು ಅಮ್ಮ.

"ಇದೊಂದಕ್ಕೆ ನಾನೇ ಅಳತೆ ತಪ್ಪು ಬರ್ಕೊಟ್ಟಿದ್ದೆ ಅಮ್ಮ. ಮಧ್ಯಾಹ್ನದೊಳಗೆ ಸರಿ ಮಾಡ್ತೀನಿ."

ಮೆಷಿನ್ ನಿಲ್ಲಿಸಿ, ಬೋಲ್ಟ್ ಬಿಚ್ಚಿ, ತಾಂಬೂಲದ ಚೀಲದೊಳಗೆ ಕೈ ಹಾಕಿದ. ಹಾಳೆಯ ಚೂರುಗಳು ಹೊರಬಂದವು. ಅಳತೆಗೆ ಸರಿಯಾಗಿ ಕತ್ತರಿಸಿದ್ದವು. ಪಾಪಿ, ಮನೆಯಿಂದಲೇ ಮಾಡಿಕೊಂಡು ಬಂದಿದ್ದ. ನಾನು ಎಂಥವನೆಂದು ಅಷ್ಟು ಚೆನ್ನಾಗಿ ಗೊತ್ತಿತ್ತು ಅವನಿಗೆ.

ಮಾರನೆಯ ದಿನ ಅಮ್ಮ ಕುಂಬಳಕಾಯಿಗೆ ಕುಂಕುಮ ತುಂಬಿ, ಕರ್ಪೂರ ಹಚ್ಚಿ ಅವನತ್ತ ಚಾಚಿದರು. ಅವನು ತೆಗೆದುಕೊಂಡು ಸೀದಾ ನನ್ನ ಕೈಗಿಟ್ಟ.

"ಸುತ್ತಿದ ಕೈ ಅವಂದು ಅಮ್ಮ. ಅವನೇ ಒಡೀಲಿ."

ಮೂರು ಸುತ್ತು ನಿವಾಳಿಸಿ ಒಡೆದೆ. ಕೆಟ್ಟ ಕಣ್ಣು ತೆಗೆಯುವ ಕಾಯಿ ಅದು. ಆ ಕಣ್ಣು ಯಾರದೆಂದು ಅಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಅವರಲ್ಲಿ ಒಬ್ಬ, ಯಾರೂ ಜಾರಿ ಬೀಳದಿರಲೆಂದು ಬಗ್ಗಿ ಚೂರು ಆರಿಸುತ್ತಿದ್ದ.